ಅರಮನೆಯ ಸಾವಿರ ಹೆಜ್ಜೆ

"ಗುರುಗಳೇ, ಮನುಷ್ಯ ಎಷ್ಟು ತಿನ್ನಬೇಕು, ಎಷ್ಟು ಬಸ್ಕಿ ಹೊಡೆಯಬೇಕು?"

ಕೆಂಚವೀರ ಈ ಪ್ರಶ್ನೆ ಕೇಳಿದ್ದು ಗರಡಿಯ ಬಾಗಿಲಲ್ಲಿ ನಿಂತು. ಬಗಲಲ್ಲಿ ಬಟ್ಟೆಯ ಗಂಟಿತ್ತು. ಕೈಯಲ್ಲಿ ಒಂದು ಹಾಳೆ ಇತ್ತು. ಹಾಲಪ್ಪ ಗುರುಗಳು ಮೊದಲು ಗಂಟನ್ನು ನೋಡಿದರು, ಆಮೇಲೆ ಹಾಳೆಯನ್ನು, ಕೊನೆಗೆ ಅವನ ಬಾಡಿದ ಮುಖವನ್ನು.

"ಹಾಳೆಯಲ್ಲಿ ಏನಿದೆ ಮಗಾ?"

"ನಿಮ್ಮ ದಿನಚರಿ, ಗುರುಗಳೇ. ನನ್ನ ವಯಸ್ಸಿನಲ್ಲಿ ನೀವು ನಡೆಸುತ್ತಿದ್ದದ್ದು. ನೀವೇ ಆಗಾಗ ಹೇಳುತ್ತಿದ್ದಿರಿ. ನಾನು ಬರೆದಿಟ್ಟುಕೊಂಡೆ."

ಗುರುಗಳು ಹಾಳೆಯನ್ನು ಇಸಿದುಕೊಂಡು ದೂರ ಹಿಡಿದು ಓದಿದರು. ಕೋಳಿ ಕೂಗುವ ಮೊದಲು ಐನೂರು ಬಸ್ಕಿ, ಇನ್ನೂರು ದಂಡ. ಆಮೇಲೆ ಎರಡು ಸೇರು ಎಮ್ಮೆಯ ಹಾಲು. ಮಧ್ಯಾಹ್ನ ಒಂಬತ್ತು ಮುದ್ದೆ. ಇಲ್ಲಿಗೆ ಬಂದು ನಿಲ್ಲಿಸಿದರು.

"ಒಂಬತ್ತೇ? ನಾನು ಹನ್ನೊಂದು ಅಂದ ನೆನಪು."

"ಒಮ್ಮೆ ಒಂಬತ್ತು ಅಂದಿರಿ, ಒಮ್ಮೆ ಹನ್ನೊಂದು ಅಂದಿರಿ. ನಾನು ಚಿಕ್ಕದನ್ನು ಹಿಡಿದೆ."

"ಜಾಣ. ಎಷ್ಟು ದಿನವಾಯಿತು?"

ನಲವತ್ತು ದಿನವಾಗಿತ್ತು. ಮೊದಲ ಹತ್ತು ದಿನ ಕೆಂಚವೀರ ತನ್ನ ನೆರಳನ್ನು ನೋಡಿ ತಾನೇ ಹಿಗ್ಗಿದ್ದ. ಆಮೇಲೆ ಮೊಣಕಾಲು ಊದಿತು. ಹೊಟ್ಟೆಯಲ್ಲಿ ಯಾರೋ ಕಲ್ಲು ಜೋಡಿಸಿಟ್ಟ ಹಾಗಾಯಿತು. ಬರುವ ಹುಣ್ಣಿಮೆಗೆ ಗುರುಗಳು ಗರಡಿಯ ಗದೆಯನ್ನು ಒಬ್ಬ ಶಿಷ್ಯನ ಕೈಗೆ ಕೊಡುವವರಿದ್ದರು. ಗದೆ ಪಡೆದವನು ಗರಡಿಯನ್ನು ನಡೆಸಬೇಕು. ಅದು ತನಗೇ ಸಿಗಬೇಕೆಂದು ಕೆಂಚವೀರ ಆರು ವರ್ಷದಿಂದ ಮಣ್ಣು ಮೆತ್ತಿಕೊಂಡಿದ್ದ. ಈಗ ಬೆಳಗ್ಗೆ ಎದ್ದರೆ ಗದೆ ಎತ್ತುವುದಿರಲಿ, ಚೊಂಬು ಎತ್ತುವುದೂ ಕಷ್ಟವಾಗಿತ್ತು.

"ನಿಮ್ಮ ಮೈ ತಡೆದದ್ದನ್ನು ನನ್ನ ಮೈ ತಡೆಯುತ್ತಿಲ್ಲ ಗುರುಗಳೇ. ಇದಕ್ಕೆ ಯೋಗ್ಯತೆ ಇಲ್ಲ. ಸರಿಯಾದ ಲೆಕ್ಕ ಯಾವುದೆಂದು ಹೇಳಿದರೆ ಇನ್ನೊಮ್ಮೆ ಮಾಡಿ ನೋಡುತ್ತೇನೆ. ಇಲ್ಲವಾದರೆ ಇವತ್ತೇ ಊರಿಗೆ ಹೊರಡುತ್ತೇನೆ."

"ಹೊರಡು. ಬೇಡ ಅನ್ನುವವನು ನಾನಲ್ಲ. ಆದರೆ ಗಂಟು ಕೆಳಗಿಟ್ಟು ಒಂದು ಕತೆ ಕೇಳಿ ಹೋಗು. ನನ್ನ ಹಾಗೆ ಕತೆ ಹೇಳುವವನು ಈ ಹೊಳೆಯ ಎರಡು ದಡದಲ್ಲೂ ಇಲ್ಲ. ಮೂರನೆಯ ದಡ ಇದ್ದರೆ ಅಲ್ಲಿಯದು ನನಗೆ ಗೊತ್ತಿಲ್ಲ."

ಕೆಂಚವೀರ ಗಂಟು ಇಳಿಸಿ ಕೂತ. ಕೂರುವಾಗ ಮೊಣಕಾಲು ಲಟಕ್ಕೆಂದಿತು. ಗುರುಗಳಿಗೆ ಅದು ಕೇಳಿಸಿತು. ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಪಲ್ಲಕ್ಕಿ ಹೊರುವವನಿದ್ದ. ಊರಿನ ಬೆನ್ನಿಗೆ ಒಂದು ಬೆಟ್ಟ, ಬೆಟ್ಟದ ಆಚೆ ಇನ್ನೊಂದು ಊರು. ನಡುವೆ ಗಾಡಿ ಹೋಗದ ದಾರಿ. ನಡೆಯಲಾರದವರನ್ನು ಬೆಟ್ಟ ದಾಟಿಸುವುದು ಅವನ ಕಸುಬು. ಅವನೊಂದಿಗೆ ಇನ್ನೂ ಮೂವರಿದ್ದರು. ಪಲ್ಲಕ್ಕಿಯ ಉದ್ದನೆಯ ಬಿದಿರಿನ ದಂಡಿಗೆಗೆ ಮುಂದೆ ಇಬ್ಬರು, ಹಿಂದೆ ಇಬ್ಬರು ಹೆಗಲು ಕೊಡುತ್ತಿದ್ದರು. ಇವನು ಹಿಂದಿನವನು.

ಆ ಕಸುಬಿಗೆ ಒಂದು ಕಟ್ಟಳೆ ಇತ್ತು. ನಾಲ್ವರಲ್ಲಿ ಯಾರ ಹೆಗಲು ಸೋತರೂ ಅವನು "ಹೆಗಲು" ಅನ್ನಬೇಕು. ಅಂದ ಕೂಡಲೇ ನಾಲ್ವರೂ ಅದೇ ಹೆಜ್ಜೆಯಲ್ಲಿ ದಂಡಿಗೆಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಬೇಕು. ಯಾಕೆ ಎಂದು ಕೇಳುವಂತಿಲ್ಲ. ಈಗ ತಾನೇ ಬದಲಿಸಿದೆವಲ್ಲ ಎನ್ನುವಂತಿಲ್ಲ. ನಗುವಂತೂ ಇಲ್ಲವೇ ಇಲ್ಲ. ದಾರಿಯಲ್ಲಿ ಒಬ್ಬನಿಗೆ ಹಸಿವಾದರೂ ಹಾಗೆಯೇ. ಪಲ್ಲಕ್ಕಿ ಇಳಿಸಿ, ಸೋರೆ ಬುರುಡೆಯಲ್ಲಿ ತಂದ ಅಂಬಲಿಯನ್ನು ಬೇಕಾದವನು ಬೇಕಾದಷ್ಟು ಕುಡಿಯುತ್ತಿದ್ದ. ಅಜ್ಜಂದಿರ ಕಾಲದಿಂದ ಹೀಗೆ ನಡೆದು ಬಂದಿತ್ತು. ಆ ದಾರಿಯಲ್ಲಿ ಒಂದು ಪಲ್ಲಕ್ಕಿಯೂ ಬಿದ್ದಿರಲಿಲ್ಲ.

ಒಂದು ದಿನ ಆ ಊರಿಗೆ ಒಬ್ಬ ಬಳೆಗಾರ ಬಂದ. ಬಳೆಗಾರ ಅಂದ ಮೇಲೆ ಬಳೆಗಿಂತ ಮಾತು ಜಾಸ್ತಿ. ಅವನು ಕಟ್ಟೆಯ ಮೇಲೆ ಕೂತು ರಾಜಧಾನಿಯ ಸುದ್ದಿ ಬಿಚ್ಚಿದ. ಅರಮನೆಯಲ್ಲಿ ಒಬ್ಬ ಪಲ್ಲಕ್ಕಿ ಹೊರುವವನಿದ್ದಾನೆ. ಅವನು ಸಾವಿರ ಹೆಜ್ಜೆಗೆ ಒಮ್ಮೆ ಮಾತ್ರ ಹೆಗಲು ಬದಲಿಸುತ್ತಾನೆ. ಬೆಳಗಾಗುವ ಮೊದಲು ಐನೂರು ಬಸ್ಕಿ ಮುಗಿಸುತ್ತಾನೆ. ಅಂಬಲಿಯನ್ನು ಮೂಸಿಯೂ ನೋಡುವುದಿಲ್ಲ. ಅರ್ಧ ಸೇರು ತುಪ್ಪವನ್ನು ನೀರು ಕುಡಿದ ಹಾಗೆ ಕುಡಿಯುತ್ತಾನೆ.

"ನೀನು ನೋಡಿದ್ದೀಯಾ?" ಎಂದು ಪಲ್ಲಕ್ಕಿಯವನು ಕೇಳಿದ.

"ನೋಡುವುದೇನು, ಅವನ ಹಿಂದೆ ನಡೆದು ಎಣಿಸಿದ್ದೇನೆ. ಸಾವಿರಕ್ಕೆ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ."

ಬಳೆಗಾರ ಮರುದಿನ ಹೊರಟುಹೋದ. ಸಾವಿರ ಹೆಜ್ಜೆ ಮಾತ್ರ ಊರಲ್ಲೇ ಉಳಿಯಿತು.

ನಮ್ಮವನು ಅವತ್ತೇ ಅಂಬಲಿ ಬಿಟ್ಟ. ಕತ್ತಲಿದ್ದಾಗಲೇ ಎದ್ದು ಬಸ್ಕಿ ಹೊಡೆದ. ತುಪ್ಪಕ್ಕಾಗಿ ಮನೆಯ ಎಮ್ಮೆಯ ಬೆನ್ನು ಬಿದ್ದ. ಹಾಲು ಪೂರ್ತಿ ಬೆಣ್ಣೆಗೇ ಹೋಗಿ, ಕರು ಅವನನ್ನು ಕಂಡರೆ ಮುಖ ತಿರುಗಿಸತೊಡಗಿತು. ಅವನ ಮೈ ಮೊದಮೊದಲು ಮರ್ಯಾದೆಯಿಂದಲೇ ಮಾತಾಡಿತು. ಹೊಟ್ಟೆ ಗುಡುಗುಡು ಅಂದಿತು. ಅವನು ಕೇಳಿಸಿಕೊಳ್ಳಲಿಲ್ಲ. ಹುಳಿತೇಗು ಬಂತು. ಅದನ್ನು ಅವನು ಬಲ ಬರುವ ಲಕ್ಷಣ ಅಂದುಕೊಂಡ.

"ಏನ್ರೀ, ರಾತ್ರಿಯೆಲ್ಲ ನಿಮ್ಮ ಹೊಟ್ಟೆ ಏನೋ ಹೇಳುತ್ತಾ ಇತ್ತು," ಎಂದಳು ಹೆಂಡತಿ.

"ಹೇಳಲಿ ಬಿಡು. ಅದರ ಮಾತು ಕೇಳಿ ಯಾರು ಅರಮನೆ ಸೇರಿದ್ದಾರೆ?"

"ನನಗೂ ನಿದ್ದೆ ಬರಲಿಲ್ಲ ಅಂತ ಹೇಳಿದೆ, ಅಷ್ಟೇ."

ದಾರಿಯಲ್ಲಿ ಅವನು ಹೆಜ್ಜೆ ಎಣಿಸತೊಡಗಿದ. ಬೇರೆಯವರು "ಹೆಗಲು" ಅಂದರೂ ತಾನು ಬದಲಿಸದೆ, ಮೂರು ವಾರ ಕಳೆಯುವಷ್ಟರಲ್ಲಿ ಹೆಗಲನ್ನು ಸಾವಿರದ ತನಕ ಎಳೆದು ತಂದ. ಊರಲ್ಲಿ ಹೆಸರಾಯಿತು. ಉಳಿದ ಮೂವರು ಅವನನ್ನೇ ತಮ್ಮ ತಂಡದ ಮುಖ್ಯಸ್ಥನನ್ನಾಗಿ ಮಾಡಿಕೊಂಡರು. ಮುಖ್ಯಸ್ಥನಾದ ಮೇಲೆ ಅವನು ಕಟ್ಟಳೆಯನ್ನು ತಿದ್ದಿದ. ಇನ್ನು ಮುಂದೆ ಎಲ್ಲರಿಗೂ ಸಾವಿರವೇ. ಅಷ್ಟರೊಳಗೆ ಯಾರೂ "ಹೆಗಲು" ಅನ್ನಕೂಡದು.

ಮುಂದಿನವರಲ್ಲಿ ಒಬ್ಬ ಒಂದು ದಿನ ನಾನೂರಕ್ಕೆ "ಹೆಗಲು" ಅಂದುಬಿಟ್ಟ.

"ಯಾರದು? ನಿನ್ನೆ ಹೆತ್ತ ಬಾಣಂತಿಯೇ?" ಎಂದ ಹಿಂದಿನಿಂದ ಇವನು. ಪಲ್ಲಕ್ಕಿಯೊಳಗೆ ಕೂತಿದ್ದವರೂ ನಕ್ಕರು.

ಆಮೇಲೆ ಯಾರೂ "ಹೆಗಲು" ಅನ್ನಲಿಲ್ಲ. ನಾಲ್ಕು ಹೆಗಲೂ ಬಾಯಿ ಕಟ್ಟಿಕೊಂಡು ಬೆಟ್ಟ ಹತ್ತಿ ಇಳಿದವು.

ಹೀಗೆ ಮೂರು ತಿಂಗಳು ಕಳೆಯಿತು. ಒಂದು ಬೆಳಗ್ಗೆ ಬೆಟ್ಟದ ಆಚೆಯ ವ್ಯಾಪಾರಿಯ ಕಡೆಯಿಂದ ಒಬ್ಬ ಆಳು ಏದುಸಿರು ಬಿಡುತ್ತಾ ಬಂದ. ವ್ಯಾಪಾರಿಯ ಮಗಳಿಗೆ ನೋವು ಶುರುವಾಗಿತ್ತು. ಕೂಸು ಅಡ್ಡಲಾಗಿ ಇದೆ ಎಂದು ಅಲ್ಲಿಯ ಹೆಂಗಸರಿಗೆ ಅನುಮಾನ. ಈಚೆಯ ಊರಿನ ಮುದಿ ಸೂಲಗಿತ್ತಿ ಬಂದರೆ ಮಾತ್ರ ಎರಡು ಜೀವ ಉಳಿಯುತ್ತವೆ ಎಂದು ಹೇಳಿ ಕಳಿಸಿದ್ದರು.

ಸೂಲಗಿತ್ತಿಗೆ ಕಾಲು ಆಗುತ್ತಿರಲಿಲ್ಲ. ನಾಲಗೆಗೆ ಏನೂ ಆಗಿರಲಿಲ್ಲ. ತೂಕ ಮೂರು ಮೂಟೆ ರಾಗಿಯಷ್ಟು. ಅವಳು ಪಲ್ಲಕ್ಕಿಯೊಳಗೆ ಕೂತಾಗ ದಂಡಿಗೆ ಬಿಲ್ಲಿನ ಹಾಗೆ ಬಾಗಿ, ಮುಂದಿನವನ ಬೆನ್ನು ಹಿಂದಿನವನಿಗೆ ಪೂರ್ತಿ ಕಾಣಿಸಿತು.

"ಬೇಗ ನಡೆಯಿರಪ್ಪಾ. ಕೂಸು ನನಗಾಗಿ ಕಾಯುವುದಿಲ್ಲ," ಎಂದಳು ಅವಳು.

ನಮ್ಮವನು ಎಣಿಸುತ್ತಾ ನಡೆದ. ಬಿಸಿಲು ಏರಿತ್ತು. ಬೆಳಗಿನ ತುಪ್ಪ ಗಂಟಲಿನಲ್ಲೇ ನಿಂತಿತ್ತು. ಒಂದು ಸಾವಿರ ಮುಗಿಯಿತು. ಹೆಗಲು ಬದಲಿಸಿದರು. ಎರಡನೆಯದು ಮುಗಿಯಿತು. ಮೂರನೆಯ ಸಾವಿರದಲ್ಲಿ ಎಣಿಕೆ ಆರುನೂರಕ್ಕೆ ಬಂದಾಗ ಅವನ ಮೊಣಕಾಲು "ಸಾಕು" ಅಂದಿತು. ಅವನು "ಆರುನೂರ ಒಂದು" ಅಂದ. ಏಳುನೂರಕ್ಕೆ ಹೆಗಲು "ಆಗುವುದಿಲ್ಲ" ಅಂದಿತು. ಅವನು "ಏಳುನೂರ ಒಂದು" ಅಂದ. ಎಂಟುನೂರ ಹದಿಮೂರಕ್ಕೆ ಮೊಣಕಾಲು ಏನನ್ನೂ ಅನ್ನಲಿಲ್ಲ. ಸುಮ್ಮನೆ ಮಡಚಿಕೊಂಡಿತು.

ಅದು ಬೆಟ್ಟದ ಕಡಿದಾದ ತಿರುವು. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಕೊರಕಲು. ಪಲ್ಲಕ್ಕಿ ಕೊರಕಲಿನ ಕಡೆಗೆ ವಾಲಿತು. ಸೂಲಗಿತ್ತಿಯ ಹರಳೆಣ್ಣೆಯ ಕುಡಿಕೆ ಉರುಳಿ ಕೆಳಗೆ ಹೋಯಿತು. ಅದು ಒಡೆದ ಸದ್ದು ತುಂಬ ಹೊತ್ತಿನ ಮೇಲೆ ಕೇಳಿಸಿತು. ಪಲ್ಲಕ್ಕಿಯ ಒಂದು ಕಾಲು ಕಲ್ಲಿಗೆ ಸಿಕ್ಕಿಕೊಂಡಿತು. ಅದೊಂದೇ ಅವಳನ್ನು ಉಳಿಸಿತು.

ಸೂಲಗಿತ್ತಿ ದಂಡಿಗೆ ಹಿಡಿದು ತೆವಳಿಕೊಂಡು ಹೊರಗೆ ಬಂದಳು. ಬಂಡೆಗೆ ಒರಗಿ ಕೂತು ಸೆರಗು ಸರಿಮಾಡಿಕೊಂಡಳು.

"ಯಾರಪ್ಪಾ ಬಿದ್ದವನು?"

"ನಾನು ಅವ್ವಾ. ಇನ್ನು ನೂರ ಎಂಬತ್ತೇಳು ಹೆಜ್ಜೆ ಇತ್ತು."

"ಏತಕ್ಕೆ?"

"ಹೆಗಲು ಬದಲಿಸುವುದಕ್ಕೆ. ಸಾವಿರಕ್ಕೆ ಒಮ್ಮೆ."

"ಯಾರ ಲೆಕ್ಕ ಅದು?"

"ಅರಮನೆಯಲ್ಲಿ ಒಬ್ಬನಿದ್ದಾನೆ. ಅವನದು."

ಸೂಲಗಿತ್ತಿ ಕಣ್ಣಿಗೆ ಕೈ ಅಡ್ಡ ಹಿಡಿದು ದಾರಿಯ ಮೇಲೂ ಕೆಳಗೂ ನೋಡಿದಳು. "ಎಲ್ಲಿ ಅವನು? ಕರೆಯಪ್ಪಾ. ಲೆಕ್ಕ ಅವನದಾದ ಮೇಲೆ ಹೆಗಲೂ ಅವನೇ ಕೊಡಲಿ."

ಮುಂದಿನವನೊಬ್ಬ ಮೆಲ್ಲಗೆ, "ನನ್ನ ಹೆಗಲು ಮುನ್ನೂರಕ್ಕೇ ಸೋತಿತ್ತು ಅವ್ವಾ," ಎಂದ. ಇನ್ನೊಬ್ಬ, "ನನ್ನದು ಇನ್ನೂರಕ್ಕೆ," ಎಂದ.

"ಮತ್ತೆ ಬಾಯಲ್ಲಿ ಏನಿಟ್ಟುಕೊಂಡಿದ್ದಿರಿ?"

ಇಬ್ಬರೂ ಬಿದ್ದವನ ಕಡೆ ನೋಡಿದರು.

"ಐವತ್ತು ವರ್ಷದಿಂದ ಹೆರಿಸುತ್ತಾ ಬಂದಿದ್ದೇನೆ. ನಿಮ್ಮ ನಾಲ್ವರ ತಲೆಯನ್ನೂ ಮೊದಲು ನೋಡಿದವಳು ನಾನೇ. ಒಂದು ಕೂಸೂ ಎಣಿಸಿಕೊಂಡು ಹೊರಗೆ ಬಂದಿಲ್ಲ. ಹೆರುವವಳ ಮೈ ಹೇಳುವ ತನಕ ನಾನು ಕೈಕಟ್ಟಿ ಕೂತಿರುತ್ತೇನೆ. ಅದು ಹೇಳಿದ ಮೇಲೆ ರಾಜ ಬಂದು ತಡಿ ಅಂದರೂ ತಡೆಯುವುದಿಲ್ಲ. ಈಗ ಒಬ್ಬೊಬ್ಬರೇ ಹೇಳಿ, ನಿಮ್ಮ ಮೈ ಏನು ಕೇಳುತ್ತಿದೆ?"

ಒಬ್ಬನ ಮೈ ನೀರು ಕೇಳಿತು. ಒಬ್ಬನದು ಎರಡು ಗಳಿಗೆ ಕೂರುವುದನ್ನು ಕೇಳಿತು. ಮೂರನೆಯವನದು ಏನನ್ನೂ ಕೇಳಲಿಲ್ಲ, ಈಗಲೇ ಹೊರಟರೂ ಸರಿ ಅಂದಿತು. ನಮ್ಮವನು ಬಾಯಿ ತೆರೆದ. ಅವನು ಮೂರು ತಿಂಗಳು ಮೈಯನ್ನು ಗದರಿಸಿಕೊಂಡೇ ಬಂದಿದ್ದ. ಅದು ಈಗ ಅವನ ಜೊತೆ ಮಾತು ಬಿಟ್ಟಿತ್ತು.

ಅಷ್ಟರಲ್ಲಿ ನೀರು ಕೇಳಿದವನು ತನ್ನ ಅಂಬಲಿಯ ಬುರುಡೆ ಬಿಚ್ಚಿದ. ಮಜ್ಜಿಗೆ, ಉಪ್ಪು, ಜಜ್ಜಿದ ಈರುಳ್ಳಿಯ ವಾಸನೆ ಗಾಳಿಯಲ್ಲಿ ಬಂತು. ನಮ್ಮವನ ಬಾಯಲ್ಲಿ ನೀರೂರಿತು.

"ಅವ್ವಾ, ಅಂಬಲಿ," ಎಂದ ಅವನು. ಹಾಗನ್ನುವಾಗ ಅವನ ಕಣ್ಣಲ್ಲೂ ನೀರಿತ್ತು.

ಅವನು ಕುಡಿದ. ಎರಡನೆಯ ಸಲ ಬಗ್ಗಿಸಿಕೊಂಡು ಕುಡಿದ. ಮೂರನೆಯ ಸಲಕ್ಕೆ ಹೊಟ್ಟೆ ಬೇಡ ಅಂದಿತು, ಅವನು ಬುರುಡೆಯನ್ನು ಕೆಳಗಿಟ್ಟ. ಆಮೇಲೆ ತಲೆಯ ರುಮಾಲು ಬಿಚ್ಚಿ ಮೊಣಕಾಲಿಗೆ ಸುತ್ತಿದ. ಎದ್ದು ನಿಂತು ಅದನ್ನು ಒಂದು ಮಾತು ಕೇಳಿದ, ಹಿರಿಯರನ್ನು ಕೇಳುವ ಹಾಗೆ. ಮೊಣಕಾಲು, "ನಿಧಾನಕ್ಕಾದರೆ ಬರುತ್ತೇನೆ," ಅಂದಿತು.

"ಮೇಲಿನ ಮರದ ತನಕ ನಾನು ಕೋಲೂರಿಕೊಂಡು ನಡೆಯುತ್ತೇನೆ," ಎಂದಳು ಸೂಲಗಿತ್ತಿ. "ನೀವು ಹೊತ್ತ ಚಂದ ನೋಡಿ ನನ್ನ ಮೈ ಅದನ್ನೇ ಕೇಳುತ್ತಿದೆ."

ಮರದ ಬುಡದಲ್ಲಿ ಅವಳು ಪಲ್ಲಕ್ಕಿ ಹತ್ತಿದಳು. ನಲವತ್ತು ಹೆಜ್ಜೆಗೆ ಒಬ್ಬ "ಹೆಗಲು" ಅಂದ. ಬದಲಿಸಿದರು. ಮುನ್ನೂರಕ್ಕೆ ಇನ್ನೊಬ್ಬ ಅಂದ. ಅದಾದ ಹನ್ನೆರಡೇ ಹೆಜ್ಜೆಗೆ ನಮ್ಮವನು ಅಂದ. ಯಾರೂ ನಗಲಿಲ್ಲ. ಹನ್ನೆರಡು ಅನ್ನುವುದು ಅವನಿಗೆ ಗೊತ್ತಾದದ್ದು ಹಳೆಯ ಚಟದಿಂದ. ಆಮೇಲೆ ಎಣಿಕೆಯೂ ತಪ್ಪಿತು.

ಹೊತ್ತು ನೆತ್ತಿಗೆ ಬರುವ ಮೊದಲೇ ಅವರು ವ್ಯಾಪಾರಿಯ ಅಂಗಳದಲ್ಲಿ ಪಲ್ಲಕ್ಕಿ ಇಳಿಸಿದರು. ಸೂಲಗಿತ್ತಿ ಒಳಗೆ ಹೋದಳು. ನಾಲ್ವರೂ ಜಗುಲಿಯ ಕೆಳಗೆ ಕೂತರು. ಒಂದು ಕೂಗು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ನಮ್ಮವನು ಕುಡಿಕೆ ಒಡೆದ ಸದ್ದನ್ನು ನೆನೆಸಿಕೊಂಡು ಕಣ್ಣು ಮುಚ್ಚಿದ. ಕೊನೆಗೆ ಕೂಸು ಅತ್ತಿತು.

ಸೂಲಗಿತ್ತಿ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. "ಹೆಣ್ಣು ಕೂಸು. ತಾಯಿಗೂ ಏನಿಲ್ಲ. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿತ್ತು, ಬಿಡಿಸಿದೆ. ಒಂದು ಎಲೆ ಅಡಿಕೆ ಅಗಿಯುವಷ್ಟು ಹೊತ್ತು ತಡವಾಗಿದ್ದರೆ ಬಿಡಿಸಿ ಪ್ರಯೋಜನ ಇರಲಿಲ್ಲ."

ಅವನು ಅವಳ ಕಾಲು ಮುಟ್ಟಲು ಬಗ್ಗಿದ. ಮೊಣಕಾಲು ಬೇಡ ಅಂದಿತು. ನಿಂತಲ್ಲೇ ಕೈ ಮುಗಿದ.

ಅರಮನೆಯವನನ್ನು ನೋಡುವ ಆಸೆ ಮಾತ್ರ ಅವನಿಗೆ ಹೋಗಲಿಲ್ಲ. ಎಂಥ ಗಂಡಸಿರಬಹುದು ಎಂದು ಆಗಾಗ ಅಂದುಕೊಳ್ಳುತ್ತಿದ್ದ. ಒಂದು ವರ್ಷದ ಮೇಲೆ ರಾಜಮಾತೆ ಯಾತ್ರೆ ಹೊರಟು ಅದೇ ಬೆಟ್ಟದ ದಾರಿಗೆ ಬಂದರು. ಅವರ ಪಲ್ಲಕ್ಕಿಗೆ ಹೆಗಲು ಕೊಟ್ಟವರಲ್ಲೊಬ್ಬ ಅವನೇ, ಅರಮನೆಯವನು. ನಮ್ಮವನು ದಾರಿ ತೋರಿಸುವ ನೆಪದಲ್ಲಿ ಜೊತೆಗೆ ನಡೆದ.

ಅರಮನೆಯವನು ಜೋರಾಗಿ ಗಾಳಿ ಬೀಸಿದರೆ ಪಲ್ಲಕ್ಕಿಯೊಳಗೆ ಕೂರಿಸಬೇಕಾದಂಥ ಸಣಕಲ. ಏರು ಶುರುವಾಯಿತು. ಇಪ್ಪತ್ತೇಳನೆಯ ಹೆಜ್ಜೆಗೆ ಅವನು "ಹೆಗಲು" ಅಂದ. ತಿರುವಿನಲ್ಲಿ ಪಲ್ಲಕ್ಕಿ ಇಳಿಸಿದಾಗ ಅಂಬಲಿ ಇದೆಯೇ ಎಂದು ತಾನಾಗಿಯೇ ಕೇಳಿದ.

ನಮ್ಮವನಿಗೆ ತಡೆಯಲಾಗಲಿಲ್ಲ. "ಅಣ್ಣಾ, ನೀವು ಸಾವಿರ ಹೆಜ್ಜೆಗೆ ಒಮ್ಮೆ ಹೆಗಲು ಬದಲಿಸುತ್ತೀರಿ ಎಂದು ಒಬ್ಬ ಬಳೆಗಾರ ಎಣಿಸಿ ಬಂದು ಹೇಳಿದ್ದ."

"ಬಳೆಗಾರನೇ? ಹೌದು, ಒಂದು ದಿನ ಒಬ್ಬ ಹಿಂದೆ ಹಿಂದೆ ಗೊಣಗುತ್ತಾ ಬರುತ್ತಿದ್ದ. ಎಣಿಸುತ್ತಿದ್ದನೋ? ಅವತ್ತು ಬಯಲು ದಾರಿ. ಹೆಗಲು ಕೇಳಲಿಲ್ಲ, ನಾನು ಬದಲಿಸಲಿಲ್ಲ. ಸಾವಿರವೇ ಇದ್ದರೂ ಇರಬಹುದು."

"ಅರ್ಧ ಸೇರು ತುಪ್ಪ?"

"ಅವತ್ತು ಅರಮನೆಯಲ್ಲಿ ಮದುವೆ. ಉಳಿದಿತ್ತು, ಕುಡಿದೆ. ಮರುದಿನವೆಲ್ಲ ಚೊಂಬು ಹಿಡಿದು ಹೊಲದ ಕಡೆಗೇ ಓಡಾಡಿದೆ. ಅದನ್ನು ಎಣಿಸಲಿಲ್ಲವೇ ಅವನು?"

ಇಲ್ಲಿಗೆ ಗುರುಗಳು ಕತೆ ನಿಲ್ಲಿಸಿದರು.

ಕೆಂಚವೀರ ತನ್ನ ಮೊಣಕಾಲನ್ನು ನೀವಿಕೊಳ್ಳುತ್ತಿದ್ದ. ಯಾವಾಗ ಶುರುಮಾಡಿದನೋ ಅವನಿಗೇ ತಿಳಿದಿರಲಿಲ್ಲ.

"ಹಾಗಾದರೆ ಗುರುಗಳೇ, ನಿಮ್ಮ ಒಂಬತ್ತು ಮುದ್ದೆ?"

"ತಿಂದಿದ್ದೇನೆ. ಸುಳ್ಳು ಅನ್ನಬೇಡ. ಒಂದೇ ಒಂದು ದಿನ, ಪಂಥ ಕಟ್ಟಿ. ಮೂರು ಊರಿನ ಜನ ಸುತ್ತ ನಿಂತು ನೋಡಿದ್ದರು. ಆಮೇಲೆ ವಾರಗಟ್ಟಲೆ ನನಗೆ ಮುದ್ದೆಯ ಹೆಸರೆತ್ತಿದರೆ ಆಗುತ್ತಿರಲಿಲ್ಲ. ಐನೂರು ಬಸ್ಕಿಯೂ ಹಾಗೆಯೇ. ಒಂದು ದಿನ ಹೊಡೆದೆ, ನಲವತ್ತು ವರ್ಷ ಹೇಳಿದೆ. ಹೇಳಿ ಹೇಳಿ ಬಾಯಿಗೆ ಒಳ್ಳೆಯ ಸಾಮು ಆಗಿದೆ."

ಕೆಂಚವೀರನಿಗೆ ನಗು ಬಂತು. ನಲವತ್ತು ದಿನದಲ್ಲಿ ಅವನು ನಕ್ಕಿದ್ದು ಅದೇ ಮೊದಲು. ಬಟ್ಟೆಯ ಗಂಟನ್ನು ಕಂಬದ ಹಿಂದಕ್ಕೆ ತಳ್ಳಿದ. ಹಾಳೆಯನ್ನು ಮಗುಚಿ ಖಾಲಿ ಬದಿಯನ್ನು ತೊಡೆಯ ಮೇಲೆ ಹರಡಿಕೊಂಡ. ಅಂಗಿಯ ಜೇಬಿನಿಂದ ಪೆನ್ಸಿಲ್ ತೆಗೆದ.

"ತಪ್ಪು ತಿಳಿಯಿತು ಗುರುಗಳೇ. ಈ ಕತೆಯನ್ನೂ ಬರೆದಿಟ್ಟುಕೊಳ್ಳುತ್ತೇನೆ. ನಾಳೆಯಿಂದ ಬೆಳಗ್ಗೆ ಏನು, ಮಧ್ಯಾಹ್ನ ಏನು, ಒಂದೊಂದಾಗಿ ಹೇಳಿ."

ಗುರುಗಳು ಅವನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ತಮ್ಮ ಕಿವಿಯ ಮೇಲೆ ಸಿಕ್ಕಿಸಿಕೊಂಡರು.

"ನಾಳೆಯದು ನಾಳೆಗಿರಲಿ ಮಗಾ, ಈಗ ನಿನಗೆ ಹಸಿವಾಗಿದೆಯೋ ಇಲ್ಲವೋ, ಅದನ್ನು ಹೇಳು."

ಕೆಂಚವೀರನ ಕೈ ಉತ್ತರ ಹುಡುಕಲು ಹಾಳೆಯನ್ನು ಮತ್ತೆ ಮಗುಚಲು ಹೋಗಿ ಅರ್ಧದಲ್ಲೇ ನಿಂತಿತು. ಅವನು ಹಾಳೆ ಬಿಟ್ಟು ಆ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡ.